ಇಂದಾಪುರದ ದಾರಿಯಲ್ಲಿ ದಿಂಡಿ: ಹಿರಿಯರು ನಡೆಯುವ ಬಗೆ

ಆಷಾಢ ಏಕಾದಶಿಗೆ ಸುಮಾರು ಒಂದು ವಾರ ಇರುವಾಗ ಪುಣೆ ಜಿಲ್ಲೆಯ ಇಂದಾಪುರ ತಾಲೂಕಿಗೆ ಸಂತ ತುಕಾರಾಮರ ಪಲ್ಲಕ್ಕಿ ಬರುತ್ತದೆ. ದೇಹುವಿನಿಂದ ಪಂಢರಪುರಕ್ಕೆ ಹೊರಟ ಈ ಪಲ್ಲಕ್ಕಿಯ ಹಿಂದೆ ಮುಂದೆ ಲಕ್ಷಾಂತರ ಜನ ಕಾಲ್ನಡಿಗೆಯಲ್ಲಿ ಇರುತ್ತಾರೆ. ಅವರಲ್ಲಿ ಅರವತ್ತು, ಎಪ್ಪತ್ತು ದಾಟಿದ ಅಜ್ಜ-ಅಜ್ಜಿಯರು ಬಹಳ. ಊರಲ್ಲಿ ಮನೆಯಿಂದ ಕಟ್ಟೆಯವರೆಗೆ ಹೋಗಿ ಬರುವುದಕ್ಕೂ ಕೋಲು ಹಿಡಿಯುವವರು ಇಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ನಡೆದು, ಸಂಜೆ ಕೈಕೈ ಹಿಡಿದು ಸುತ್ತುವ ಫುಗಡಿ ಆಡುತ್ತಾರೆ.

ಇದಕ್ಕೆ ಭಕ್ತಿಯೇ ಕಾರಣ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಭಕ್ತಿ ಇಲ್ಲದೆ ಯಾರೂ ಮಳೆಯಲ್ಲಿ ಮನೆ ಬಿಟ್ಟು ಹೊರಡುವುದಿಲ್ಲ, ನಿಜ. ಆದರೆ ಎಪ್ಪತ್ತರ ಮೊಣಕಾಲನ್ನು ಸುಮಾರು 250 ಕಿ.ಮೀ. ದಾಟಿಸುವುದರಲ್ಲಿ ದಿಂಡಿ ಎಂಬ ಏರ್ಪಾಡಿನ ಪಾಲೂ ಅಷ್ಟೇ ಇದೆ. ಹಿರಿಯರನ್ನು ಗುಂಪಾಗಿ, ನಿಧಾನವಾಗಿ, ದಣಿಯದಂತೆ ನಡೆಸುವುದು ಹೇಗೆ ಎಂಬುದನ್ನು ಮುನ್ನೂರು ವರ್ಷಗಳಿಂದ ತಿದ್ದುತ್ತ ಬಂದ ಏರ್ಪಾಡು ಅದು. ಭಕ್ತಿಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಇಲ್ಲಿ ಹೇಳಹೊರಟಿರುವುದು ಆ ಏರ್ಪಾಡಿನ ವಿಷಯ.

ಊರು ಮತ್ತು ದಾರಿ

ಇಂದಾಪುರ ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿನ ತಾಲೂಕು ಕೇಂದ್ರ. ಪುಣೆಯಿಂದ ಸುಮಾರು 140 ಕಿ.ಮೀ. ದೂರ. ತಾಲೂಕಿನ ಉತ್ತರಕ್ಕೆ ಭೀಮಾ ನದಿ, ಉಜನಿ ಅಣೆಕಟ್ಟಿನ ಹಿನ್ನೀರು. ದಕ್ಷಿಣಕ್ಕೆ ನೀರಾ ನದಿ. ಎರಡೂ ತಾಲೂಕಿನ ಪೂರ್ವದ ತುದಿಯ ನರಸಿಂಹಪುರದಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಳ್ಳುವ ಇದೇ ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದು ಕೃಷ್ಣೆಗೆ ಸೇರುತ್ತಾಳೆ. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆ ಮಡಿದದ್ದು ಇಂದಾಪುರದಲ್ಲೇ.

ಇದು ಮಳೆ ಕಡಿಮೆಯ ಸೀಮೆ. ಕಾಲುವೆ, ಹಿನ್ನೀರು ಮುಟ್ಟಿದಲ್ಲಿ ಕಬ್ಬು, ದಾಳಿಂಬೆ, ದ್ರಾಕ್ಷಿ, ಮುಟ್ಟದಲ್ಲಿ ಬಯಲು. ನಡೆಯುವವರಿಗೆ ಇದರಿಂದ ಒಂದು ಅನುಕೂಲ, ಒಂದು ಕಷ್ಟ. ಅನುಕೂಲವೆಂದರೆ ನೆಲ ಹೆಚ್ಚುಕಡಿಮೆ ಸಮತಟ್ಟು. ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಲ್ಲಕ್ಕಿ ಪುಣೆ ಬಿಟ್ಟೊಡನೆ ದಿವೆ ಘಾಟು ಹತ್ತಬೇಕು. ತುಕಾರಾಮರ ಪಲ್ಲಕ್ಕಿಗೆ ಪಾಟಸ್ ಆದಮೇಲೆ ರೋಟಿ ಘಾಟು ಎಂಬ ಚಿಕ್ಕ ಏರು ಬಿಟ್ಟರೆ ಅಂಥದ್ದೇನೂ ಇಲ್ಲ. ಬಾರಾಮತಿಯಿಂದ ಇಂದಾಪುರದವರೆಗಿನ ಸುಮಾರು 50 ಕಿ.ಮೀ.ಯಂತೂ ವಯಸ್ಸಾದ ಕಾಲಿಗೆ ಹೇಳಿಮಾಡಿಸಿದ ದಾರಿ. ಕಷ್ಟವೆಂದರೆ ಬಿಸಿಲು. ಮೋಡ ಕೈಕೊಟ್ಟ ವರ್ಷ ಆಷಾಢದಲ್ಲೂ ಈ ಬಯಲು ಕಾಯುತ್ತದೆ, ತಂಗಲು ನೆರಳು ಸಿಗುವುದಿಲ್ಲ.

ವಾರಿ ಶುರುವಾದದ್ದು

ಗೊತ್ತಾದ ತಿಥಿಗೆ ತಪ್ಪದೆ ಪಂಢರಪುರಕ್ಕೆ ಹೋಗಿಬರುವುದು ವಾರಿ. ಹಾಗೆ ಹೋಗುವವರು ವಾರಕರಿಗಳು. ಚೈತ್ರ, ಆಷಾಢ, ಕಾರ್ತಿಕ, ಮಾಘ ಎಂದು ವರ್ಷಕ್ಕೆ ನಾಲ್ಕು ವಾರಿ. ದೊಡ್ಡದು ಆಷಾಢದ್ದು. ಸಂತರ ಪಾದುಕೆಗಳನ್ನು ಪಲ್ಲಕ್ಕಿಯಲ್ಲಿಟ್ಟು ಒಯ್ಯುವ ಈಗಿನ ಪದ್ಧತಿಯನ್ನು 1685ರಲ್ಲಿ ತುಕಾರಾಮರ ಮಗ ನಾರಾಯಣ ಮಹಾರಾಜರು ಶುರುಮಾಡಿದರು. ಜ್ಞಾನೇಶ್ವರರ ಪಲ್ಲಕ್ಕಿಯನ್ನು ಬೇರೆಯಾಗಿ ಹೊರಡಿಸಿ ಅದಕ್ಕೆ ಶಿಸ್ತು ಕಟ್ಟಿಕೊಟ್ಟವರು ಹೈಬತಬಾಬಾ ಆರಫಳಕರ. ಅದು 19ನೇ ಶತಮಾನದ ಮೊದಲ ಭಾಗದ ಮಾತು. ಅವರು ಶಿಂದೆ ಸಂಸ್ಥಾನದ ಸೈನ್ಯದಲ್ಲಿ ಇದ್ದವರಾದ್ದರಿಂದ ನಡೆಯುವ ಸಾಲು, ತಂಗುವ ತಾಣ, ಸಾಲಿನ ಶಿಸ್ತು ನೋಡಿಕೊಳ್ಳುವ ಚೋಪದಾರರ ಅಧಿಕಾರ ಎಲ್ಲದರಲ್ಲೂ ದಂಡಿನ ಕಟ್ಟುಪಾಡು ಕಾಣುತ್ತದೆ.

ಜ್ಯೇಷ್ಠ ಬಹುಳ ಸಪ್ತಮಿಗೆ ದೇಹುವಿನಿಂದ, ಅಷ್ಟಮಿಗೆ ಆಳಂದಿಯಿಂದ ಪ್ರಸ್ಥಾನ. ಆಷಾಢ ಶುದ್ಧ ದಶಮಿಗೆ ಎರಡೂ ಪಂಢರಪುರ ಮುಟ್ಟುತ್ತವೆ. 2020 ಮತ್ತು 2021ರಲ್ಲಿ ಕೊರೊನಾ ಕಾರಣಕ್ಕೆ ಪಾದುಕೆಗಳು ಎಸ್‌ಟಿ ಬಸ್ಸಿನಲ್ಲಿ, ಕೆಲವೇ ಜನರೊಂದಿಗೆ ಹೋದವು. 2022ರಲ್ಲಿ ಮತ್ತೆ ಕಾಲ್ನಡಿಗೆ. ವರ್ಷವಿಡೀ ಈ ಹದಿನೆಂಟು ಇಪ್ಪತ್ತು ದಿನಗಳಿಗಾಗಿಯೇ ಕಾಯುವ ಹಿರಿಯರಿಗೆ ಆ ಎರಡು ವರ್ಷ ಎಷ್ಟು ಭಾರವಾಗಿ ಕಳೆದಿರಬೇಕು.

ದಿಂಡಿಯ ಒಳಗೆ

ದೂರದಿಂದ ನೋಡಿದರೆ ವಾರಿ ಒಂದೇ ಜನಸಾಗರ. ಒಳಗೆ ಹೊಕ್ಕರೆ ಅದು ನೂರಾರು ದಿಂಡಿಗಳ ಸಾಲು. ತುಕಾರಾಮರ ಪಲ್ಲಕ್ಕಿಯೊಂದಿಗೇ 300ಕ್ಕೂ ಹೆಚ್ಚು ದಿಂಡಿಗಳಿವೆ. ಪ್ರತಿ ದಿಂಡಿಗೆ ಒಂದು ಅಂಕಿ. ಅದು ಪಲ್ಲಕ್ಕಿ ಇಟ್ಟ ರಥದ ಮುಂದೆ ಎಷ್ಟನೆಯದು, ಹಿಂದೆ ಎಷ್ಟನೆಯದು ಎಂಬುದು ನಿಗದಿ. ಒಂದು ದಿಂಡಿಯಲ್ಲಿ ಒಂದೇ ಊರಿನ, ಅಥವಾ ಒಬ್ಬರೇ ಮಹಾರಾಜರನ್ನು ನಂಬಿದ ಹತ್ತಾರು ಜನರಿಂದ ನೂರಾರು ಜನರವರೆಗೆ ಇರುತ್ತಾರೆ. ಮುಂದೆ ಕೇಸರಿ ಪತಾಕೆ ಹಿಡಿದವರು, ಆಮೇಲೆ ತಾಳದವರು, ನಡುವೆ ಪಖವಾಜಿನವರು ಮತ್ತು ವೀಣೆಯವರು, ಹಿಂದೆ ತಲೆಯ ಮೇಲೆ ತುಳಸಿ ವೃಂದಾವನ, ನೀರಿನ ಕೊಡ ಹೊತ್ತ ಹೆಂಗಸರು. ವೀಣೆ ಹಿಡಿದವರ ಮಾತೇ ದಿಂಡಿಗೆ ಕೊನೆ.

ಹಿರಿಯರ ಮಟ್ಟಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಹಾಸಿಗೆ, ಬಟ್ಟೆ, ಪಾತ್ರೆ ಎಲ್ಲವೂ ದಿಂಡಿಯ ಲಾರಿಯಲ್ಲಿ ಮುಂದೆ ಹೋಗುತ್ತವೆ. ಹೆಗಲಿಗೆ ಒಂದು ಚೀಲ ಸಾಕು. ಲಾರಿಯವರು ಮುಕ್ಕಾಮಿನ ಜಾಗದಲ್ಲಿ ತಂಬು ಹೊಡೆದು ಒಲೆ ಹೂಡಿರುತ್ತಾರೆ. ಊಟದ ಖರ್ಚಿಗೆಂದು ಹೊರಡುವ ಮೊದಲೇ ತಲೆಗಿಷ್ಟು ಎಂದು ಹಣ ಕಟ್ಟಿರುತ್ತದೆ. ದಾರಿಯಲ್ಲಿ ಸುಸ್ತಾದವರನ್ನು ಪಕ್ಕದವರೇ ಲಾರಿಗೆ ಹತ್ತಿಸುತ್ತಾರೆ, ಹತ್ತಿದವರನ್ನು ಯಾರೂ ಹೀಯಾಳಿಸುವುದಿಲ್ಲ. ತಪ್ಪಿಸಿಕೊಂಡ ಅಜ್ಜಿಗೆ ತನ್ನ ದಿಂಡಿಯ ಅಂಕಿ ನೆನಪಿದ್ದರೆ ಸಾಕು. ಆ ಅಂಕಿ ಹೇಳಿದರೆ ರಥದಿಂದ ಮುಂದೆ ನಡೆಯಬೇಕೋ ಹಿಂದೆ ನಿಲ್ಲಬೇಕೋ ಎಂಬುದನ್ನು ಎದುರಿಗೆ ಬಂದ ಯಾವ ವಾರಕರಿಯಾದರೂ ತೋರಿಸಿಕೊಡುತ್ತಾನೆ. ಅಕ್ಷರ ಬಾರದವರೂ ಈ ಗುಂಪಿನಲ್ಲಿ ದಾರಿ ತಪ್ಪದೆ ಇರುವುದು ಹೀಗೆ.

ಜ್ಞಾನೇಶ್ವರರ ಪಲ್ಲಕ್ಕಿಯ ಸಮಾಜ ಆರತಿಯನ್ನು ಇಲ್ಲಿ ಹೇಳಲೇಬೇಕು. ರಾತ್ರಿ ಮುಕ್ಕಾಮಿನಲ್ಲಿ ಎಲ್ಲ ದಿಂಡಿಗಳೂ ಪಲ್ಲಕ್ಕಿಯ ಸುತ್ತ ಭಜನೆ ಮಾಡುತ್ತ ನಿಲ್ಲುತ್ತವೆ. ಚೋಪದಾರರು ಬೆಳ್ಳಿಯ ಕೋಲು ಎತ್ತಿದ ಕ್ಷಣ ಸಾವಿರಾರು ತಾಳಗಳು ಒಮ್ಮೆಗೇ ನಿಲ್ಲುತ್ತವೆ. ಯಾವುದಾದರೂ ದಿಂಡಿಗೆ ದೂರು ಇದ್ದರೆ ಅದು ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರರು ಅಲ್ಲಿಗೆ ಹೋಗಿ, ನೀರಿನ ಟ್ಯಾಂಕರ್ ಬರಲಿಲ್ಲವೋ, ಬೇರೆ ದಿಂಡಿ ಸಾಲಿನೊಳಗೆ ನುಗ್ಗಿತೋ, ಕೇಳಿ ಬಗೆಹರಿಸಿದ ಮೇಲೇ ಆ ತಾಳ ಶಾಂತ. ಆಮೇಲೆ ಕಳೆದುಹೋದ, ಸಿಕ್ಕಿದ ಸಾಮಾನುಗಳ ಹೆಸರು ಕೂಗುತ್ತಾರೆ. ಅದಾದ ನಂತರ ಆರತಿ. ಇಷ್ಟು ದೊಡ್ಡ ಗುಂಪಿನಲ್ಲಿ ಬಡವರ ಕನ್ನಡಕ, ಔಷಧಿ ಚೀಲಕ್ಕೂ ದೇವರ ಮುಂದೆ ಒಂದು ಸರದಿ ಇಟ್ಟವರ ವಿವೇಕಕ್ಕೆ ಕೈಮುಗಿಯಬೇಕು.

ನಡಿಗೆಯ ಲಯ

ವಾರಕರಿಗಳು ಬಿರುಸಾಗಿ ನಡೆಯುವುದಿಲ್ಲ. ಸಂತರ ಹಾಡುಗಳಾದ ಅಭಂಗಗಳ ಲಯಕ್ಕೆ ಹೆಜ್ಜೆ. ಮುಂದಿನವರು ಹಾಡಿದ್ದನ್ನು ಹಿಂದಿನವರು ಹಾಡುತ್ತಾರೆ, ಹಾಡುತ್ತ ನಡೆಯಬೇಕಾದ್ದರಿಂದ ಏದುಸಿರು ಬರುವಷ್ಟು ವೇಗ ಸಾಧ್ಯವೇ ಇಲ್ಲ. ಮಾತಾಡಲು ಆಗುವಷ್ಟು ಉಸಿರು ಉಳಿಯುವ ವೇಗದಲ್ಲಿ ನಡೆಯಿರಿ ಎಂದು ವೈದ್ಯರು ಹಿರಿಯರಿಗೆ ಹೇಳುತ್ತಾರಲ್ಲ, ಆ ಅಳತೆ ಇಲ್ಲಿ ಭಜನೆಯಲ್ಲೇ ಅಡಗಿದೆ. ಭಜನೆ ಕಾವೇರಿದಾಗ ಒಂದು ಹೆಜ್ಜೆ ಮುಂದೆ, ಒಂದು ಹಿಂದೆ ಇಟ್ಟು ಕುಣಿಯುವ ಪಾವಲಿ ಬರುತ್ತದೆ. ಹಾಗೆ ಕುಣಿಯುವಾಗ ದಿಂಡಿ ಮುಂದೆ ಹೋಗುವುದು ಅಂಗುಲ ಅಂಗುಲವಾಗಿ. ಹಿಂದೆ ಬಿದ್ದವರು ಕೂಡಿಕೊಳ್ಳುತ್ತಾರೆ.

ಬೆಳಗಿನ ಜಾವ ಕಾಕಡಾರತಿ, ಬೇಗ ಹೊರಡುವುದು, ಕೆಲವು ಕಿಲೋಮೀಟರಿಗೊಂದು ವಿಸಾವಾ ಅಂದರೆ ವಿಶ್ರಾಂತಿ, ಮಧ್ಯಾಹ್ನ ಊಟ, ಮತ್ತೆ ನಡಿಗೆ, ಸಂಜೆ ಹರಿಪಾಠ, ರಾತ್ರಿ ಕೀರ್ತನೆ. ವಿಸಾವಾ ಎಲ್ಲಿ ಎಂಬುದು ವರ್ಷವರ್ಷಕ್ಕೆ ಬದಲಾಗುವುದಿಲ್ಲ. ಹತ್ತಾರು ವಾರಿ ಮಾಡಿದ ಮುದುಕನಿಗೆ ಮುಂದಿನ ಮರ, ಮುಂದಿನ ಗುಡಿ, ಚಹಾ ಕೊಡುವ ಮುಂದಿನ ಊರು ಬಾಯಿಪಾಠ. ಇನ್ನೆಷ್ಟು ದೂರ ಎಂಬ ಆತಂಕವೇ ಅರ್ಧ ಸುಸ್ತು ತರುತ್ತದೆ. ವಾರಿಯಲ್ಲಿ ಅದು ಇಲ್ಲ.

ಮನುಷ್ಯರು ಇಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಮಾವುಲಿ ಎಂದು, ತಾಯಿ ಎಂಬ ಅರ್ಥದಲ್ಲಿ. ಹತ್ತರ ಹುಡುಗನೂ ಮಾವುಲಿ, ಎಂಬತ್ತರ ಅಜ್ಜನೂ ಮಾವುಲಿ, ದಾರಿ ಬಿಡಿಸುವ ಪೊಲೀಸನೂ ಮಾವುಲಿ. ಹಿರಿಯರು ಕಿರಿಯರ ಕಾಲು ಮುಟ್ಟಿದರೆ ಕಿರಿಯರು ತಿರುಗಿ ಅವರ ಕಾಲು ಮುಟ್ಟುತ್ತಾರೆ. ವಯಸ್ಸಾದವರಿಗೆ ಮನೆಯಲ್ಲಿ ದಿನಾ ಸಿಗದ ಒಂದು ಸಮಾನತೆ ಇದು.

ಎಲ್ಲವೂ ಸಮಾನವಾಗಿತ್ತು ಎನ್ನುವಂತಿಲ್ಲ. ವಾರಿಯಲ್ಲಿ ನಡೆದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ, ಒಟ್ಟಿಗೆ ಹಾಡುತ್ತ ನಡೆದವರು ಊಟಕ್ಕೆ ಜಾತಿವಾರು ಬೇರೆ ಬೇರೆ ಕೂರುತ್ತಿದ್ದುದನ್ನು ನೋವಿನಿಂದ ದಾಖಲಿಸಿದರು. ಅವರ ಆ ಪ್ರಬಂಧ 1962ರಲ್ಲಿ ಇಂಗ್ಲಿಷಿಗೂ ಬಂತು. 1961ರಲ್ಲಿ ನಡೆದ ಕಥೆಗಾರ ದಿ. ಬಾ. ಮೋಕಾಶಿ ಬರೆದ ‘ಪಾಲಖಿ’ ದಿನದಿನದ ವಿವರಗಳಿಗೆ ಇಂದಿಗೂ ಒಳ್ಳೆಯ ಆಕರ.

ತಾಲೂಕಿನೊಳಗಿನ ದಿನಗಳು

ಬಾರಾಮತಿ ಬಿಟ್ಟ ಪಲ್ಲಕ್ಕಿ ಕಾಟೇವಾಡಿಯಲ್ಲಿ ನಿಲ್ಲುತ್ತದೆ. ಅಲ್ಲಿ ಅಗಸರು ಪಲ್ಲಕ್ಕಿಯ ದಾರಿಗೆ ಧೋತರ ಹಾಸುತ್ತಾರೆ. ಕುರುಬರು ತಮ್ಮ ಕುರಿಹಿಂಡನ್ನು ಪಲ್ಲಕ್ಕಿಯ ಸುತ್ತ ಓಡಿಸಿ ಪ್ರದಕ್ಷಿಣೆ ಹಾಕಿಸುತ್ತಾರೆ. ಅದನ್ನು ದಾಟಿದರೆ ಇಂದಾಪುರ ತಾಲೂಕು: ಸಣಸರ, ಬೆಳವಾಡಿ, ಅಂಥುರ್ಣೆ, ನಿಮಗಾಂವ ಕೇತಕಿ, ಇಂದಾಪುರ, ಕೊನೆಗೆ ನೀರಾ ದಂಡೆಯ ಸರಾಟಿ.

ಬೆಳವಾಡಿಯದು ತುಕಾರಾಮರ ಪಲ್ಲಕ್ಕಿಯ ಮೊದಲ ಗೋಲ ರಿಂಗಣ. ಎರಡನೆಯದು ಇಂದಾಪುರದಲ್ಲಿ, ಮೂರನೆಯದು ಅಕಲೂಜದಲ್ಲಿ. ದೊಡ್ಡ ಬಯಲಿನ ನಡುವೆ ಪಲ್ಲಕ್ಕಿ ಇಟ್ಟು, ಸುತ್ತ ದಿಂಡಿಗಳು ಕೂರುತ್ತವೆ. ನಡುವಿನ ವರ್ತುಲದಲ್ಲಿ ಸರದಿಯ ಮೇಲೆ ಪತಾಕೆಯವರು ಓಡುತ್ತಾರೆ, ತುಳಸಿ ಹೊತ್ತ ಹೆಂಗಸರು ಓಡುತ್ತಾರೆ, ವೀಣೆಯವರು ಓಡುತ್ತಾರೆ. ಕೊನೆಗೆ ಕುದುರೆಗಳು. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದರ ಮೇಲೆ ಸಂತರೇ ಇದ್ದಾರೆ ಎಂದು ನಂಬಿಕೆ. ಕುದುರೆ ಸುತ್ತು ಮುಗಿಸಿದ ಕೂಡಲೇ ಜನ ಮುನ್ನುಗ್ಗಿ ಗೊರಸಿನ ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಾರೆ. ಆಮೇಲೆ ಆಟ: ಫುಗಡಿ, ಒಬ್ಬರ ಮೇಲೊಬ್ಬರು ಹತ್ತಿ ನಿಲ್ಲುವುದು, ಕುಪ್ಪಳಿಸುವುದು. ತುಳಸಿ ಹೊತ್ತ ಹೆಂಗಸರ ಸುತ್ತನ್ನು ಹತ್ತಿರದಿಂದ ನೋಡಬೇಕು. ಒಂಬತ್ತು ಗಜದ ಸೀರೆ ಕಚ್ಚೆ ಹಾಕಿ, ಒಂದು ಕೈ ವೃಂದಾವನಕ್ಕೆ ಕೊಟ್ಟು, ಇನ್ನೊಂದು ಕೈ ಬೀಸುತ್ತ ಓಡುವ ಅರವತ್ತೈದರ ಹೆಣ್ಣುಮಗಳ ಕುತ್ತಿಗೆ ಅಲುಗುವುದಿಲ್ಲ. ಬದುಕಿಡೀ ನೀರು, ಹುಲ್ಲು, ಸೌದೆ ಹೊತ್ತ ಕುತ್ತಿಗೆ ಅದು.

ನಿಮಗಾಂವ ಕೇತಕಿಯಿಂದ ಇಂದಾಪುರದ ಹಂತ 15 ಕಿ.ಮೀ. ಒಳಗಿನದು, ಹಿರಿಯರಿಗೆ ಸಲೀಸು. ಸರಾಟಿ ಬಿಟ್ಟ ಬೆಳಿಗ್ಗೆ ನೀರಾ ನದಿಯಲ್ಲಿ ಪಾದುಕೆಗಳಿಗೆ ಸ್ನಾನ. ಹೊಳೆ ದಾಟಿದರೆ ಸೊಲ್ಲಾಪುರ ಜಿಲ್ಲೆ.

ಕನ್ನಡಿಗರ ನಂಟು

ಪಂಢರಪುರದ ದೇವರಾದ ವಿಠ್ಠಲ ಕನ್ನಡಿಗರಿಗೆ ಪರವೂರಿನವನಲ್ಲ. ಪಂಢರಪುರದ ಬಗ್ಗೆ ಸಿಗುವ ಮುಖ್ಯ ದಾಖಲೆಗಳಲ್ಲಿ 1237ರ ಹೊಯ್ಸಳ ದೊರೆ ಸೋಮೇಶ್ವರನ ಶಾಸನ ಒಂದು. ಪುರಂದರ ವಿಠಲ, ವಿಜಯ ವಿಠಲ, ಜಗನ್ನಾಥ ವಿಠಲ ಎಂದು ದಾಸರ ಅಂಕಿತಗಳಲ್ಲೇ ಅವನು ಇದ್ದಾನೆ. ಮರಾಠಿಯ ರಾ. ಚಿಂ. ಢೇರೆ 1984ರಲ್ಲಿ ಪ್ರಕಟಿಸಿದ ವಿಠ್ಠಲನ ಕುರಿತ ಗ್ರಂಥದಲ್ಲಿ ಈ ದೇವರ ದಕ್ಷಿಣದ ಬೇರುಗಳನ್ನು ಬಹಳ ವಿವರವಾಗಿ ಹುಡುಕಿದ್ದಾರೆ.

ವಾರಿಗೆ ಕನ್ನಡ ನಾಡು ಕೊಟ್ಟ ಅತಿ ಚೆಂದದ ಕಾಣಿಕೆ ಚಿಕ್ಕೋಡಿ ಸೀಮೆಯ ಅಂಕಲಿಯದು. ಜ್ಞಾನೇಶ್ವರರ ಪಲ್ಲಕ್ಕಿಯ ರಿಂಗಣದಲ್ಲಿ ಓಡುವ ಎರಡು ಕುದುರೆಗಳು ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಸರದಾರರ ವಾಡೆಯಿಂದ ಹೊರಡುತ್ತವೆ. ಅವುಗಳನ್ನು ವಾಹನದಲ್ಲಿ ಸಾಗಿಸುವುದಿಲ್ಲ. ಆಳಂದಿಯವರೆಗೆ ಸುಮಾರು 300 ಕಿ.ಮೀ. ನಡೆಸಿಕೊಂಡೇ ಹೋಗುತ್ತಾರೆ. ಹೈಬತಬಾಬಾ ಅವರ ಕಾಲದ ಒಪ್ಪಂದ ಇವತ್ತಿಗೂ ನಡೆದಿದೆ. ಈ ಕುದುರೆಗಳು ಇಂದಾಪುರಕ್ಕೆ ಬರುವುದಿಲ್ಲ, ಸಾಸವಡ, ಫಲಟಣದ ದಾರಿ ಹಿಡಿಯುತ್ತವೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ ಕಡೆಯ ಹಳ್ಳಿಗಳಿಂದ ನೇರ ಪಂಢರಪುರಕ್ಕೆ ದಿಂಡಿಗಳು ಹೋಗುತ್ತವೆ. ಅವುಗಳಲ್ಲಿ ಕನ್ನಡ ಭಜನೆ, ಮರಾಠಿ ಅಭಂಗ ಎರಡೂ ಒಂದೇ ತಾಳಕ್ಕೆ ಸಾಗುತ್ತವೆ.

ನಮ್ಮಲ್ಲಿ ಬೇರೆ ಪಾದಯಾತ್ರೆಗಳೂ ಇವೆ. ಯುಗಾದಿಗೆ ಶ್ರೀಶೈಲಕ್ಕೆ, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರು ಸಾವಿರಾರು. ಅವು ಕಾಡು, ಘಾಟಿ, ಸುಡುಬಿಸಿಲಿನ ದಾರಿಗಳು. ಹರಯದವರ ಕಾಲಿಗೆ ತಕ್ಕವು. ವಯಸ್ಸಾದವರನ್ನು ನಡುವೆ ಇಟ್ಟುಕೊಂಡು ಇಡೀ ಗುಂಪು ಅವರ ಹೆಜ್ಜೆಗೆ ಹೊಂದಿಕೊಳ್ಳುವ ಪದ್ಧತಿ ದಿಂಡಿಯಲ್ಲಿ ಬೆಳೆದಷ್ಟು ಬೇರೆಡೆ ಬೆಳೆದಿಲ್ಲ ಎಂಬುದು ನನ್ನ ಅನಿಸಿಕೆ.

ಕಾಲು, ಸಕ್ಕರೆ, ಉಪವಾಸ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು; ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲ ಬೆಳೆಸುವ ವ್ಯಾಯಾಮ ಇರಬೇಕು. ಬೀಳುವುದನ್ನು ತಡೆಯಲು ಇದು ಮುಖ್ಯ. ವಾರಿ ಈ ಅಳತೆಯನ್ನು ಒಂದೇ ದಿನದಲ್ಲಿ ಮೀರುತ್ತದೆ. ಆದ್ದರಿಂದ ತಯಾರಿ ಇಲ್ಲದೆ ಹೊರಡುವುದು ಸರಿಯಲ್ಲ. ಹೊಲದಲ್ಲಿ ದುಡಿಯುವ ಅಜ್ಜಿಗೆ ಸಾಧ್ಯವಾದದ್ದು ನಿವೃತ್ತ ಗುಮಾಸ್ತರಿಗೆ ಎರಡು ತಿಂಗಳ ಅಭ್ಯಾಸವಿಲ್ಲದೆ ಸಾಧ್ಯವಿಲ್ಲ.

ಮಧುಮೇಹ ಇರುವವರು ಹೆಚ್ಚು ಎಚ್ಚರ ವಹಿಸಬೇಕು. ಅಂಗಾಲಿನ ಸ್ಪರ್ಶ ಕುಗ್ಗಿದವರಿಗೆ ಗುಳ್ಳೆ ಎದ್ದದ್ದು, ಕಲ್ಲು ಚುಚ್ಚಿದ್ದು ತಿಳಿಯುವುದೇ ಇಲ್ಲ. ಹರಕೆಯೆಂದು ಬರಿಗಾಲಲ್ಲಿ ನಡೆದರೆ ಸಣ್ಣ ಗಾಯ ಕೊಳೆತು ಬೆರಳು ಕಳೆದುಕೊಳ್ಳುವವರೆಗೂ ಹೋಗಬಹುದು. ದಿನಾ ಸಂಜೆ ಅಂಗಾಲು, ಬೆರಳ ಸಂದು ನೋಡಿಕೊಳ್ಳಬೇಕು, ಕಣ್ಣು ಮಂಜಾದವರು ಪಕ್ಕದವರಿಂದ ನೋಡಿಸಬೇಕು. ಹಳೆಯ, ಕಾಲಿಗೆ ಒಗ್ಗಿದ ಚಪ್ಪಲಿ ಅಥವಾ ಬೂಟೇ ಒಳ್ಳೆಯದು. ಹೊಸದನ್ನು ವಾರಿಯಲ್ಲಿ ಹಾಕಬಾರದು.

ಉಪವಾಸದ ವಿಷಯ ಇನ್ನೂ ನಾಜೂಕು. ದಾರಿಯಲ್ಲಿ ಜ್ಯೇಷ್ಠ ಬಹುಳ ಏಕಾದಶಿ ಬರುತ್ತದೆ, ಕೊನೆಗೆ ಆಷಾಢದ ಏಕಾದಶಿ. ಎಂದಿನಂತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಇನ್ಸುಲಿನ್ ಚುಚ್ಚಿಕೊಂಡು, ಉಪವಾಸವಿದ್ದು, ಮೇಲೆ ನಡೆದರೆ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯುತ್ತದೆ: ಬೆವರು, ನಡುಕ, ತಲೆಸುತ್ತು, ತೊದಲು ಮಾತು. ಬಿಸಿಲಿಗೆ ಹೀಗಾಯಿತೆಂದು ಬರೀ ನೀರು ಕುಡಿಸಿ ಕೂರಿಸಿದರೆ ಪ್ರಾಣಕ್ಕೆ ಅಪಾಯ. ಬೆಲ್ಲವೋ ಸಕ್ಕರೆ ನೀರೋ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ವೈದ್ಯರ ಬಳಿ ಒಯ್ಯಬೇಕು. ಹೊರಡುವ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ ಕೇಳಿಕೊಳ್ಳುವುದು, ಬೆಲ್ಲದ ತುಂಡು ಸೊಂಟದ ಚೀಲದಲ್ಲಿ ಇಡುವುದು ದೇವರಿಗೆ ಅಪಚಾರವಲ್ಲ. ಬೆವರು ಸುರಿಯುವ ದಿನ ಓಆರ್‌ಎಸ್ ಕುಡಿಯಬೇಕು, ಆದರೆ ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಅದನ್ನೂ ಕೇಳಿಯೇ ಕುಡಿಯಬೇಕು.

ದಾರಿಯ ಊರವರು ಮಾಡುವ ಸೇವೆ ಕಣ್ತುಂಬುವಂಥದ್ದು. ಕಾಲಿಗೆ ಎಣ್ಣೆ ತಿಕ್ಕುವವರು, ಹರಿದ ಚಪ್ಪಲಿ ಹೊಲಿದುಕೊಡುವವರು, ಕ್ಷೌರ ಮಾಡುವವರು, ಯಾರೂ ಕಾಸು ಮುಟ್ಟುವುದಿಲ್ಲ. ಸರ್ಕಾರದ ಆಂಬುಲೆನ್ಸ್, ತಾತ್ಕಾಲಿಕ ದವಾಖಾನೆ, ಸಂಚಾರಿ ಶೌಚಾಲಯಗಳು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿವೆ. ಶೌಚಾಲಯದ್ದು ಸಣ್ಣ ಮಾತಲ್ಲ. ಜಾಗ ಸಿಗದೆಂದು ನೀರು ಕುಡಿಯುವುದನ್ನೇ ಬಿಟ್ಟು ನಡೆದ ಹೆಂಗಸರ ಸಂಕಟ ತಲೆಮಾರುಗಳದ್ದು.

ಹೊಸ ರಸ್ತೆ

2021ರ ನವೆಂಬರ್ 8ರಂದು ಪ್ರಧಾನಿ ಎರಡೂ ಪಲ್ಲಕ್ಕಿ ಮಾರ್ಗಗಳನ್ನು ಚತುಷ್ಪಥ ಮಾಡುವ ಕಾಮಗಾರಿಗೆ ಶಂಕುಸ್ಥಾಪನೆ ಮಾಡಿದರು. ಪಾಟಸದಿಂದ ಬಾರಾಮತಿ, ಇಂದಾಪುರದ ಮೇಲೆ ತೊಂಡಲೆ-ಬೊಂಡಲೆಗೆ ಹೋಗುವ ತುಕಾರಾಮ ಮಾರ್ಗ ಸುಮಾರು 130 ಕಿ.ಮೀ. ಎರಡೂ ಬದಿಗೆ ವಾರಕರಿಗಳಿಗೆಂದೇ ಬೇರೆ ಕಾಲುದಾರಿ ಈ ಯೋಜನೆಯಲ್ಲಿ ಸೇರಿದೆ. ಮಕ್ಕಳು, ಮುದುಕರು ಲಾರಿಗಳ ಪಕ್ಕದಲ್ಲಿ ನಡೆಯಬೇಕಾದ ಭಯ ಇದರಿಂದ ತಪ್ಪುತ್ತದೆ. ಆದರೆ ರಸ್ತೆ ಅಗಲವಾಗುವಾಗ ಬದಿಯ ಹಳೆಯ ಮರಗಳು ಹೋದವು. ಅವು ಕೊಡುತ್ತಿದ್ದ ನೆರಳನ್ನು ಈಗ ನೆಟ್ಟ ಸಸಿಗಳು ಕೊಡಲು ಇನ್ನೂ ಎಷ್ಟೋ ಆಷಾಢ ಬೇಕು. ಕಾಂಕ್ರೀಟು ಮಣ್ಣಿಗಿಂತ ಬಿರುಸು, ಬಿಸಿಲಿಗೆ ಬೇಗ ಕಾಯುತ್ತದೆ. ವಿಸಾವಾ ಇರುವ ಕಡೆಗಳಲ್ಲಾದರೂ ದಟ್ಟ ನೆರಳಿನ ಮರಗಳನ್ನು ಮೊದಲು ಬೆಳೆಸಬೇಕು. 

ಸಣ್ಣ ನಡಿಗೆಗಳು

ಇಡೀ ವಾರಿ ಎಲ್ಲರಿಗೂ ಆಗುವುದಲ್ಲ. ದಿಂಡಿಯ ಏರ್ಪಾಡನ್ನು ಊರಿನ ಮಟ್ಟಕ್ಕೆ ತರುವುದು ಮಾತ್ರ ಕಷ್ಟವಿಲ್ಲ. ಇಂಗ್ಲೆಂಡಿನ ಸಾನಿಂಗ್ ಕಾಮನ್ ಎಂಬ ಹಳ್ಳಿಯಲ್ಲಿ ವಿಲಿಯಂ ಬರ್ಡ್ ಎಂಬ ವೈದ್ಯರು 1990ರ ದಶಕದಲ್ಲಿ ತಮ್ಮ ರೋಗಿಗಳನ್ನು ಗುಂಪಾಗಿ ನಡೆಸಲು ಶುರುಮಾಡಿದ್ದು ಮುಂದೆ ದೇಶವಿಡೀ ಹರಡಿತು. ನಮ್ಮ ಹಳ್ಳಿಗಳಲ್ಲಿ ಏಕಾದಶಿಗೋ ಸೋಮವಾರಕ್ಕೋ ಪಕ್ಕದ ಊರಿನ ಗುಡಿಗೆ ನಡೆದು ಹೋಗುವ ರೂಢಿ ಹಿಂದಿನಿಂದಲೂ ಇದೆ. ಅದನ್ನು ತಪ್ಪದೆ ನಡೆಸುವುದಷ್ಟೇ ಬೇಕಾದದ್ದು. ಎರಡು ಮೂರು ಕಿಲೋಮೀಟರ್ ದೂರ, ನಡುವೆ ಕೂರಲು ಕಟ್ಟೆ, ಹೆಂಗಸರಿಗೆ ಶೌಚಾಲಯ, ತುದಿಯಲ್ಲಿ ಚಹಾ, ಹಿಂದಿರುಗಲು ಬಸ್ಸೋ ಟಂಟಂ ಗಾಡಿಯೋ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಟ್ಟರೆ ಗುಂಪು ಒಡೆಯುವುದಿಲ್ಲ. ಹಾಡು ಇದ್ದರೆ ಇನ್ನೂ ಒಳ್ಳೆಯದು.

ಇಂದಾಪುರದ ಒಂದು ದಿನಕ್ಕೆ ಸೇರಲು ಬಯಸುವವರು ಸೊಲ್ಲಾಪುರದವರೆಗೆ ರೈಲಿನಲ್ಲಿ ಬರಬಹುದು. ಅಲ್ಲಿಂದ ಪುಣೆ ಕಡೆಯ ಎಸ್‌ಟಿ ಬಸ್ಸುಗಳು ಇಂದಾಪುರದ ಮೇಲೆ ಹೋಗುತ್ತವೆ. ಪಲ್ಲಕ್ಕಿ ಇರುವ ದಿನ ದಾರಿ ಬದಲಿಸುವುದರಿಂದ ಹಿಂದಿನ ದಿನವೇ ತಲುಪುವುದು ಲೇಸು. ನಿಮಗಾಂವ ಕೇತಕಿಯಿಂದ ಇಂದಾಪುರದವರೆಗೆ ನಡೆದು, ರಿಂಗಣ ನೋಡಿ ಹಿಂದಿರುಗಬಹುದು. ತಿಥಿಯ ಲೆಕ್ಕವಾದ್ದರಿಂದ ತಾರೀಖು ವರ್ಷವರ್ಷ ಬದಲಾಗುತ್ತದೆ: ಆಷಾಢ ಏಕಾದಶಿ 2024ರಲ್ಲಿ ಜುಲೈ 17ಕ್ಕೆ, 2025ರಲ್ಲಿ ಜುಲೈ 6ಕ್ಕೆ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಅದು ಜುಲೈ 25ಕ್ಕೆ ಸರಿಯುತ್ತದೆ, ಇಂದಾಪುರದ ಮುಕ್ಕಾಮು ಅದಕ್ಕೆ ಸುಮಾರು ಒಂದು ವಾರ ಮೊದಲು.